ಇಲ್ಲದ ಮಹಡಿಯ ಧೂಳು

ಆ ಬಿಳಿ ಬಟ್ಟೆಗಳು ಸಂಜೆಯಾದರೂ ಬಿಳಿಯಾಗಿಯೇ ಇದ್ದವು. ಅರ್ನೆಸ್ಟಿನ್ ಮೊಸ್ಲಿಗೆ ಅನುಮಾನ ಬಂದದ್ದು ಅಲ್ಲಿಂದ.

ಬ್ಲೂ ಕ್ಯಾರವಾನ್ ಹೋಟೆಲಿನ ರೂಮುಗಳನ್ನು ಮೂವತ್ತೊಂದು ವರ್ಷ ತೊಳೆದವಳು ಅವಳು. ಬಟ್ಟೆ ನೋಡಿದರೆ ಸಾಕು, ಅದನ್ನು ತೊಟ್ಟವರು ಏನು ಮಾಡಿದರು, ಏನು ಮಾಡಲಿಲ್ಲ ಎಂದು ಹೇಳುತ್ತಿದ್ದಳು. ಹಾಸಿಗೆಯ ಹೊದಿಕೆ ಸುಕ್ಕಾದ ಬಗೆ ನೋಡಿ ಗಂಡ ಹೆಂಡತಿ ಬೆನ್ನು ತಿರುಗಿಸಿ ಮಲಗಿದ್ದರೆಂದು ಹೇಳುತ್ತಿದ್ದಳು. ಇದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ಬೇರೆಯವರ ಕೊಳೆ ಎತ್ತಿ ಬದುಕಿದವರಿಗೆ ಕೊಳೆಯೇ ಕಲಿಸುವ ವಿದ್ಯೆ ಅದು.

ಲಾಸ್ ವೇಗಸ್‌ನಲ್ಲಿ ಆಗ ಹಳೆಯ ಕ್ಯಾಸಿನೊ ಹೋಟೆಲುಗಳನ್ನು ಒಂದರ ಹಿಂದೆ ಒಂದರಂತೆ ಮದ್ದಿಟ್ಟು ಉರುಳಿಸುತ್ತಿದ್ದರು. ಉರುಳುವುದನ್ನು ನೋಡಲು ಮೆಟ್ಟಿಲುಗಟ್ಟಿದ ಕುರ್ಚಿಗಳು, ಬಿಯರು, ಬ್ಯಾಂಡು. ಈಗ ಬ್ಲೂ ಕ್ಯಾರವಾನ್ ಸರದಿ. ಆ ಜಾಗದಲ್ಲಿ ಕೆರೆ, ಕೆರೆಯಲ್ಲಿ ದೋಣಿ, ದೋಣಿಯಾಚೆ ಮೂರು ಸಾವಿರ ರೂಮಿನ ರಿಸಾರ್ಟು ಏಳಲಿತ್ತು. ಹೋಟೆಲಿಗೆ ಬೀಗ ಬಿದ್ದ ಮೇಲೆ ಹಳಬರಲ್ಲಿ ಇಪ್ಪತ್ತು ಜನರನ್ನು ಕಂಪನಿ ಉಳಿಸಿಕೊಂಡಿತ್ತು. ಮಂಚ, ದೀಪ, ಪರದೆ, ಕನ್ನಡಿ ಕಳಚಿ ಕೆಳಗಿಳಿಸುವ ಕೆಲಸ. ಇಷ್ಟು ವರ್ಷ ಹಾಸಿದ ಹಾಸಿಗೆಗಳನ್ನು ಅರ್ನೆಸ್ಟಿನ್ ಈಗ ಹೊರಗೆಳೆಯುತ್ತಿದ್ದಳು. ಬೆನ್ನು ಅದೇ, ಮಣಿಕಟ್ಟಿನ ನೋವು ಅದೇ.

ಬಿಳಿ ಬಟ್ಟೆಯವರು ಬಂದದ್ದು ಒಂದು ಸೋಮವಾರ. ಏಳು ಮಂದಿ. ತಲೆಯಿಂದ ಕಾಲಿನವರೆಗೆ ಮುಚ್ಚುವ ಕಾಗದದ ಅಂಗಿ, ಮೂತಿಗೆ ಹಂದಿಯ ಮೂತಿಯಂಥ ಮುಖವಾಡ. ಮದ್ದಿಡುವ ಮೊದಲು ಕಟ್ಟಡದಲ್ಲಿರುವ ಕಲ್ನಾರನ್ನೆಲ್ಲ, ಅಂದರೆ ಆಸ್ಬೆಸ್ಟಾಸನ್ನೆಲ್ಲ, ಕೆರೆದು ತೆಗೆಯಬೇಕು, ಅದು ಕಾನೂನು. ಕಲ್ನಾರಿನ ಎಳೆ ಕಣ್ಣಿಗೆ ಕಾಣುವುದಿಲ್ಲ. ಶ್ವಾಸದಲ್ಲಿ ಒಳಗೆ ಹೋದದ್ದು ಹೊರಗೆ ಬರುವುದೂ ಇಲ್ಲ. ಏಳೂ ಮಂದಿ ಕೆಳಗಿನ ಹಜಾರದಲ್ಲಿ ಸಾಲಾಗಿ ನಿಂತರು. ಕಂಪನಿಯ ಫೋಟೋದವನು ಫೋಟೋ ತೆಗೆದ. ಸಂಜೆ ಐದಕ್ಕೆ ಅವರ ವ್ಯಾನು ಹೊರಟುಹೋಯಿತು.

ಹಿಂದಿನ ಗೇಟಿನ ಕಸದ ಪೀಪಾಯಿಯಲ್ಲಿ ಆ ಅಂಗಿಗಳನ್ನು ತುರುಕಿದ್ದರು. ಅರ್ನೆಸ್ಟಿನ್ ಒಂದನ್ನು ಎಳೆದು ಕೊಡವಿದಳು. ಮೊಣಕಾಲಿನಲ್ಲಿ ಸುಕ್ಕಿಲ್ಲ. ತೋಳಿನ ಮಡಿಕೆಯಲ್ಲಿ ಧೂಳಿಲ್ಲ. ಎದೆಯ ಮೇಲೆ ಒಂದೇ ಒಂದು ಕೆಂಪು ಕಲೆ. ಮೂಸಿದಳು. ಟೊಮೆಟೊ ಸಾಸು.

ಅವಳ ಜೊತೆ ಹಾಸಿಗೆ ಹೊರುತ್ತಿದ್ದ ಲೂರ್ದೆಸ್ ಪಕ್ಕದಲ್ಲೇ ನಿಂತಿದ್ದಳು. ಎಲ್ ಸಾಲ್ವಡಾರಿನಿಂದ ಬಂದವಳು, ಹನ್ನೊಂದು ವರ್ಷದಿಂದ ಅದೇ ಮಹಡಿಯಲ್ಲಿ ಜೊತೆಗಾತಿ.

"ಹೊಸ ಅಂಗಿ ಬದಲಾಯಿಸಿರ್ಬಹುದು ಅಕ್ಕಾ," ಎಂದಳು.

"ಏಳೂ ಜನಾನಾ? ಇವರು ಇಡೀ ದಿನ ಮಾಡಿದ ಕೆಲಸ ಅಂದ್ರೆ ಊಟ ಒಂದೇ ಕಣೆ."

ಲೂರ್ದೆಸ್ ನಗಲಿಲ್ಲ. ಅದನ್ನೂ ಅರ್ನೆಸ್ಟಿನ್ ಗಮನಿಸಿದಳು. ಹಿಂದಿನ ವಾರ ಲೂರ್ದೆಸ್‌ಳನ್ನು ಆಫೀಸಿಗೆ ಎರಡು ಸಲ ಕರೆಸಿದ್ದರು. ಯಾಕೆಂದು ಕೇಳಿದರೆ ಏನೋ ಕಾಗದಪತ್ರ ಎಂದು ತೇಲಿಸಿದ್ದಳು.

ಮಹಡಿಗಳ ಚಾವಣಿ ಯಾರೂ ಮುಟ್ಟಿಲ್ಲವೆಂದು ಅವಳಿಗೆ ಗೊತ್ತಿತ್ತು. ದಿನಾ ಅದರ ಕೆಳಗೇ ಕೆಲಸ. ಚಾವಣಿಗೆಲ್ಲ ಜೋಳದ ಅರಳು ಮೆತ್ತಿದ ಹಾಗೆ ಕಲ್ನಾರು ಬೆರೆತ ಒರಟು ಗಾರೆ, ನಡುನಡುವೆ ಮಿನುಗು. ಕಟ್ಟಿದ ಕಾಲದಲ್ಲಿ ಅದು ಶೋಕಿ. ಪಕ್ಕದ ರೂಮಿನವರು ಬಾಗಿಲು ದಡಾರನೆ ಹಾಕಿದರೆ ದಿಂಬಿನ ಮೇಲೆ ಬಿಳಿ ಪುಡಿ ಉದುರುತ್ತಿತ್ತು. ಮೇಲಿನ ಮಹಡಿಯಲ್ಲಿ ಕುಡಿದು ಕುಣಿದರೆ ಇನ್ನೂ ಹೆಚ್ಚು. ಕೆಲಸದ ಹೆಂಗಸರು ಅದಕ್ಕೆ ಹಿಮ ಎನ್ನುತ್ತಿದ್ದರು. ಮರುಭೂಮಿಯ ಊರಿನಲ್ಲಿ ಹಿಮ ಬಿದ್ದಿದೆ ಬಾರೆ ಎಂದು ಒಬ್ಬರನ್ನೊಬ್ಬರು ಕರೆದು ನಗುತ್ತಿದ್ದರು. ದಿಂಬನ್ನು ಎರಡು ಸಲ ಬಡಿದು ಕೊಡವಿ, ಮಗ್ಗುಲು ಬದಲಿಸಿ ಇಡಬೇಕು. ದಿನಕ್ಕೆ ಹದಿನಾರು ರೂಮು, ರೂಮಿಗೆ ನಾಲ್ಕು ದಿಂಬು. ಪುಡಿ ಉಳಿದರೆ ಮೇಲ್ವಿಚಾರಕಿ ಬೆರಳಿನಿಂದ ಒರೆಸಿ, ಆ ಬೆರಳನ್ನು ಅವರ ಮೂಗಿನ ಮುಂದೆ ಹಿಡಿಯುತ್ತಿದ್ದಳು. ಇದೇನು, ಇದು ನಿಮ್ಮ ಮನೆ ಅಂದುಕೊಂಡಿರಾ?

ಅರ್ನೆಸ್ಟಿನ್‌ಳ ತಾಯಿಯೂ ಅಲ್ಲೇ ದುಡಿದವಳು, ಹೋಟೆಲು ತೆರೆದ ದಿನದಿಂದ. ಆಗ ಕರಿಯರಿಗೆ ಮುಂಬಾಗಿಲು ಇರಲಿಲ್ಲ. ಅಡುಗೆಮನೆಯ ಹಿಂದಿನಿಂದ ಬರಬೇಕು. ಕೈಯಲ್ಲಿ ಸಾಮಾನಿನ ಗಾಡಿ ಇದ್ದರೆ ಕೆಲಸದವಳು. ಗಾಡಿ ಬಿಟ್ಟು ಎರಡು ಹೆಜ್ಜೆ ನಡೆದರೆ ಕಳ್ಳಿ. ತಾಯಿ ಐವತ್ತೆಂಟಕ್ಕೆ ಕೆಮ್ಮಿ ಕೆಮ್ಮಿ ಸತ್ತಳು. ಸಿಗರೇಟು ಎಂದರು ಡಾಕ್ಟರು. ಆಕೆ ಜನ್ಮದಲ್ಲಿ ಸಿಗರೇಟು ಮುಟ್ಟಿದವಳಲ್ಲ. ಅಕ್ಕ ವಿಲಾ ಡೀನ್ ಅದೇ ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಹೊದಿಕೆ ಕೊಡವಿದವಳು. ಈಗ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು, ಆಮ್ಲಜನಕದ ಸಿಲಿಂಡರು ಪಕ್ಕದಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂತಿರುತ್ತಾಳೆ.

ಅವರ ಮನೆ ಹೆದ್ದಾರಿಯಾಚೆ, ವೆಸ್ಟ್‌ಸೈಡಿನಲ್ಲಿ. ಊರಿನ ಕರಿಯರನ್ನೆಲ್ಲ ಒಂದು ಕಾಲಕ್ಕೆ ಅಲ್ಲಿಗೇ ತಳ್ಳಿದ್ದರು. ಕಟ್ಟಡ ಕೆಡಹಬೇಕಿದ್ದ ತಿಂಗಳಲ್ಲಿ ಗಾಳಿ ಹೋಟೆಲಿನ ಕಡೆಯಿಂದಲೇ ಬೀಸುತ್ತದೆ.

"ಕಿಟಕಿಗೆ ಒದ್ದೆ ಟವೆಲ್ ಕಟ್ಟೋಣ ಬಿಡು," ಎಂದಳು ವಿಲಾ ಡೀನ್. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅವಳು ಉಸಿರು ಹುಡುಕಬೇಕು. "ಅವರ ಟವೆಲ್ಲೇ ಇದೆಯಲ್ಲ. ನೀನು ತಂದದ್ದು."

"ಅದು ಅವರೇ ಕೊಟ್ಟದ್ದು ಕಣೆ."

"ಗೊತ್ತು. ಹರಿದದ್ದು ಮಾತ್ರ ಕೊಡ್ತಾರೆ." ಮತ್ತೆ ಉಸಿರು ಹುಡುಕಿ ತಂಗಿಯನ್ನು ಮನೆಯ ಹೆಸರಿನಿಂದ ಕರೆದಳು. "ಟೀನಾ, ಆ ಕಟ್ಟಡ ಅರ್ಧ ನನ್ನೊಳಗಿದೆ. ಉಳಿದರ್ಧ ಮೇಲೆ ಬಿದ್ರೆ ನಾನು ತಡ್ಕೊಳಲ್ಲ."

ನಗುತ್ತಲೇ ಹೇಳಿದಳು. ಅರ್ನೆಸ್ಟಿನ್ ಆ ರಾತ್ರಿಯ ಊಟ ಮುಟ್ಟಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕಂಪನಿಯವರು ಚರ್ಚಿನ ಹಾಲಿಗೇ ಬಂದರು. ನೆರೆಹೊರೆಯವರಿಗೆ ಧೈರ್ಯ ಹೇಳುವುದಕ್ಕಂತೆ. ಹಾಲಿಗೆ ಹೊಸ ಎ.ಸಿ. ಬಂದು ಎರಡು ವಾರವಾಗಿತ್ತು. ಅದನ್ನು ಯಾರು ಹಾಕಿಸಿದರು ಎಂದು ಕೇಳಿದಾಗ ಪಾದ್ರಿ ದೇವರ ಕೃಪೆ ಎಂದಿದ್ದರು. ಅರ್ನೆಸ್ಟಿನ್ ಪಾದ್ರಿಯ ಮುಖವನ್ನೂ ಅವತ್ತಿನಿಂದ ಬೇರೆ ಥರ ನೋಡುತ್ತಿದ್ದಳು.

ಕಂಪನಿಯ ಪರವಾಗಿ ಮಾತಾಡುವವಳು ಕ್ಯಾಂಡಿಸ್ ರೋ. ಕೆನೆಬಣ್ಣದ ಸೂಟು, ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಅಭ್ಯಾಸ. ಬಂದವರಿಗೆಲ್ಲ ಕೇಕು ಹಂಚಿದಳು. ಹೋಟೆಲಿನ ಗುರುತಾದ ಒಂಟೆಯ ಚಿತ್ರದ ನೀಲಿ ಟೋಪಿ ಹಂಚಿದಳು. ಆಮೇಲೆ ಮೂಗಿಗೆ ಕಟ್ಟುವ ಕಾಗದದ ಮಾಸ್ಕು ಹಂಚಿದಳು. ಅಪಾಯವೇನೂ ಇಲ್ಲ, ಸುಮ್ಮನೆ ನಿಮ್ಮ ಸಮಾಧಾನಕ್ಕೆ ಎಂದಳು. ಅಪಾಯವಿಲ್ಲದಿದ್ದರೆ ಮಾಸ್ಕು ಯಾಕೆ ಎಂದು ಯಾರೋ ಗೊಣಗಿದರು. ಕೇಕು ತಿನ್ನುತ್ತಿದ್ದವರ ಬಾಯಿ ನಿಲ್ಲಲಿಲ್ಲ.

ಅವಳ ಪಕ್ಕದಲ್ಲಿ ಬ್ರೆಂಟ್ ಹಾಲ್ಟನ್. ಕಟ್ಟಡವನ್ನೆಲ್ಲ ಪರೀಕ್ಷೆ ಮಾಡಿ, ಕಲ್ನಾರು ಉಳಿದಿಲ್ಲವೆಂದು ಸಹಿ ಹಾಕಿದ ತಜ್ಞ. ನಾಲ್ಕು ಹಾಳೆಯ ವರದಿಯ ಪ್ರತಿ ಎಲ್ಲರ ಕೈಗೂ ಬಂತು. ಹೆಚ್ಚಿನವರು ಅದನ್ನು ಮಡಚಿ ಬೀಸಣಿಗೆ ಮಾಡಿಕೊಂಡರು. ಅರ್ನೆಸ್ಟಿನ್ ಕನ್ನಡಕ ಹಾಕಿಕೊಂಡು, ದಿನಾ ಬೆಳಗ್ಗೆ ಕೊಡುತ್ತಿದ್ದ ರೂಮಿನ ಪಟ್ಟಿಯನ್ನು ಓದುವ ಹಾಗೆ ಬೆರಳಿಟ್ಟು ಓದಿದಳು. ಮಹಡಿ, ರೂಮು, ಚಾವಣಿಯಿಂದ ತೆಗೆದ ಮಾದರಿ, ಫಲಿತಾಂಶ. ಫಲಿತಾಂಶದ ಕೆಳಗೆ ಒಂದೇ ಪದ, ಮೇಲಿನಿಂದ ಕೆಳಗಿನ ತನಕ. ಶುದ್ಧ. ಶುದ್ಧ. ಶುದ್ಧ.

ಮೂರನೇ ಹಾಳೆಯ ನಡುವೆ ಅವಳ ಬೆರಳು ನಿಂತಿತು. ಮತ್ತೆ ಓದಿದಳು. ಆ ಸಾಲಿನ ಮೇಲೆ ಉಗುರಿನಿಂದ ಗೀರು ಹಾಕಿದಳು. ಕೈ ಎತ್ತಿದಳು.

ಕ್ಯಾಂಡಿಸ್ ಮುಖ ಅರಳಿಸಿ, ಹೇಳಿ ಮಿಸೆಸ್ ಮೊಸ್ಲಿ ಎಂದಳು.

"ಇವರನ್ನ ಒಂದ್ಮಾತು ಕೇಳ್ಬೇಕು. ಸಾರ್, ಈ ರೂಮುಗಳಿಗೆಲ್ಲ ನೀವೇ ಹೋಗಿದ್ರಾ?"

"ಹೌದು ಮೇಡಂ, ನಾನೇ," ಎಂದ ಹಾಲ್ಟನ್. "ಒಂದೊಂದು ಮಹಡಿಗೂ."

"ಹದಿಮೂರಕ್ಕೂ?"

"ಹದಿಮೂರಕ್ಕೂ."

"1307 ಅಂತ ಬರೆದಿದೀರಿ. ಅಲ್ಲಿ ಸ್ನಾನದ ತೊಟ್ಟಿ ಇತ್ತಾ, ಬರೀ ಶವರ್ರಾ?"

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಹಾಲ್ಟನ್ ಮುಗುಳ್ನಕ್ಕ. "ತೊಟ್ಟಿ ಅನ್ನಿಸತ್ತೆ."

"ಕಿಟಕಿಯಿಂದ ಏನ್ ಕಾಣ್ತಿತ್ತು?"

"ಬೆಟ್ಟ. ಒಳ್ಳೇ ನೋಟ ಮೇಡಂ. ಆ ಮಹಡಿಯಿಂದ ತುಂಬ ಚೆನ್ನಾಗಿ ಕಾಣತ್ತೆ."

ಮೊದಲು ನಕ್ಕವಳು ಬಾಗಿಲ ಬಳಿ ಕೂತಿದ್ದ ಮುದುಕಿ, ಇಪ್ಪತ್ತು ವರ್ಷ ಬ್ಲೂ ಕ್ಯಾರವಾನ್ ಕಾರಿಡಾರು ಒರೆಸಿದವಳು. ಬೀಸಣಿಗೆಯಿಂದ ಬಾಯಿ ಮುಚ್ಚಿಕೊಂಡಳು, ಆದರೂ ಭುಜ ಅಲುಗುತ್ತಿತ್ತು. ಆಮೇಲೆ ಅಡುಗೆಮನೆಯವರು ನಕ್ಕರು. ಲಿಫ್ಟಿನವನು ನಕ್ಕ. ಆ ಹಾಲಿನಲ್ಲಿ ಅರ್ಧಕ್ಕರ್ಧ ಜನ ಆ ಹೋಟೆಲಿನ ಎಂಜಲು ಬಳಿದವರೇ. ಹಾಲ್ಟನ್ ತಾನೂ ಅವರ ಜೊತೆ ಸ್ವಲ್ಪ ನಕ್ಕ. ತನ್ನ ಮಾತು ಅವರಿಗೆ ಹಿಡಿಸಿತು ಎಂದುಕೊಂಡ.

"ಆ ಹೋಟ್ಲಿಗೆ ಹದಿಮೂರನೇ ಮಹಡಿನೇ ಇಲ್ಲ ಸಾರ್," ಎಂದಳು ಅರ್ನೆಸ್ಟಿನ್. "ಕಟ್ಟಿದಾಗಿಂದ ಇಲ್ಲ. ಹನ್ನೆರಡಾದ್ಮೇಲೆ ಹದಿನಾಲ್ಕು. ಜೂಜಾಡೋರು ಆ ಅಂಕಿಗೆ ಹೆದರ್ತಾರೆ ಅಂತ ಬಿಟ್ಟುಬಿಟ್ರು. ಲಿಫ್ಟಲ್ಲಿ ಗುಂಡಿನೂ ಇಲ್ಲ. ಒಂದ್ಸಲ ಲಿಫ್ಟ್ ಹತ್ತಿದ್ರೆ ನಿಮಗೇ ಗೊತ್ತಾಗೋದು. ನೀವು ಇಪ್ಪತ್ತೆರಡು ರೂಮಿಂದ ಧೂಳು ತಂದಿದೀರಿ. ಎಲ್ಲಿಂದ ತಂದ್ರಿ?"

ನಗು ನಿಂತಿತು. ಹಾಲ್ಟನ್ ತನ್ನ ಕೈಯಲ್ಲಿದ್ದ ಪ್ರತಿಯ ಮೂರನೇ ಹಾಳೆ ತಿರುವಿದ.

ಟೈಪು ಮಾಡುವಾಗ ಆದ ತಪ್ಪು ಎಂದಳು ಕ್ಯಾಂಡಿಸ್. ತೋರಿಸಿಕೊಟ್ಟದ್ದಕ್ಕೆ ಥ್ಯಾಂಕ್ಸ್ ಎಂದಳು. ಇನ್ನೂ ಕೇಕು ಉಳಿದಿದೆ ಎಂದಳು. ಪಾದ್ರಿ ಎದ್ದು ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸೋಣ ಎಂದರು. ಅರ್ನೆಸ್ಟಿನ್ ಕಣ್ಣು ಮುಚ್ಚಲಿಲ್ಲ. ಹಾಲ್ಟನ್ ವರದಿಯ ಪ್ರತಿಗಳನ್ನು ಕುರ್ಚಿಗಳ ಮೇಲಿಂದ ಒಂದೊಂದಾಗಿ ವಾಪಸು ಎತ್ತಿಕೊಳ್ಳುತ್ತಿದ್ದದ್ದನ್ನು ನೋಡುತ್ತಿದ್ದಳು. ತನ್ನ ಪ್ರತಿಯನ್ನು ಮಡಚಿ ಒಳಂಗಿಗೆ ಸೇರಿಸಿದಳು.

ಬುಧವಾರ ಹೊಸ ವರದಿ ಹೋಟೆಲಿನ ಗೇಟಿಗೆ ಅಂಟಿತು. ಹದಿಮೂರನೇ ಮಹಡಿ ಇರಲಿಲ್ಲ. ಮೂರೇ ದಿನದಲ್ಲಿ ಒಂದು ಮಹಡಿ ಕೆಡವಿದ್ದರು. ಅದಕ್ಕೆ ಮದ್ದೂ ಬೇಕಾಗಲಿಲ್ಲ. ಅಲ್ಲಿದ್ದ ಇಪ್ಪತ್ತೆರಡು ರೂಮುಗಳನ್ನು ಹದಿನಾಲ್ಕನೇ ಮಹಡಿಯ ಪಟ್ಟಿಗೆ ಸೇರಿಸಿದ್ದರು. ಹದಿನಾಲ್ಕರ ರೂಮುಗಳು ಅಲ್ಲಿ ಮೊದಲೇ ಇದ್ದವು. ಹಾಗಾಗಿ 1407 ಈಗ ಎರಡು ಸಲ ಇತ್ತು. ಎರಡು ಸಲವೂ ಶುದ್ಧ.

ಗುರುವಾರ ಕ್ಯಾಂಡಿಸ್ ಹುಡುಕಿಕೊಂಡು ಮೇಲೆಯೇ ಬಂದಳು. ಲಿಫ್ಟು ಬಂದು ನಿಂತ ಸದ್ದಿಗೆ ಅರ್ನೆಸ್ಟಿನ್ ತಲೆ ಎತ್ತಲಿಲ್ಲ. ಮಂಡಿಯೂರಿ ನೆಲಹಾಸಿನ ಮೊಳೆ ಕೀಳುತ್ತಿದ್ದಳು. ಇಕ್ಕುಳದಿಂದ ಎಳೆದರೆ ಮೊಳೆಯ ಜೊತೆ ಮೂವತ್ತು ವರ್ಷದ ಮಣ್ಣು ಏಳುತ್ತಿತ್ತು. ಕ್ಯಾಂಡಿಸ್ ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿದಳು. ಮೂಗಿನ ಮುಂದೆ ಕರವಸ್ತ್ರ.

ಬರುವ ಮಂಗಳವಾರ ಕಟ್ಟಡ ಕೆಡಹುವ ಪರವಾನಗಿಯ ವಿಚಾರಣೆ ಎಂದಳು. ಕೌಂಟಿ ಆಡಳಿತದ ಅಧಿಕಾರಿಗಳಿಗೆ ಹಳೆಯ ಕೆಲಸದವರ ಒಂದು ಮಾತು ಬೇಕು, ಅಷ್ಟೇ. ಹದಿಮೂರು ಎಂದದ್ದು ಟೈಪಿನ ತಪ್ಪು, ಬಿಳಿ ಅಂಗಿಯವರು ಎಲ್ಲ ಮಹಡಿಯಲ್ಲೂ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡೆ ಎಂದು ಒಂದು ಸಹಿ. ಹೊಸ ರಿಸಾರ್ಟಿನ ಕೆಲಸದ ಪಟ್ಟಿಯಲ್ಲಿ ಅರ್ನೆಸ್ಟಿನ್ ಹೆಸರು ಎಲ್ಲಕ್ಕಿಂತ ಮೇಲೆ. ಈ ವಯಸ್ಸಿನಲ್ಲಿ ಬೇರೆಯವರು ಯಾರು ಕೆಲಸ ಕೊಡುತ್ತಾರೆ ಎಂಬುದನ್ನೂ ಮೆತ್ತಗೆ ನೆನಪಿಸಿದಳು. ಕೆಡಹುವ ದಿನ ಟಿ.ವಿ. ಕ್ಯಾಮೆರಾಗಳ ಮುಂದೆ ಗುಂಡಿ ಒತ್ತುವ ಗೌರವವೂ ಅವಳದೇ.

"ನನ್ನ ಕೈಲೇ ಒತ್ತಿಸ್ತೀರಾ?"

"ನಿಮಗಿಂತ ಯೋಗ್ಯರು ಯಾರಿದಾರೆ ಮಿಸೆಸ್ ಮೊಸ್ಲಿ? ನೀವು ಈ ಹೋಟೆಲಿನ ಆತ್ಮ."

ಅರ್ನೆಸ್ಟಿನ್ ಮಂಡಿಯ ಮೇಲೆಯೇ ಕೂತು ಅವಳನ್ನು ನೋಡಿದಳು. ಕೆನೆಬಣ್ಣದ ಸೂಟು. ಶೂಸು. ಕರವಸ್ತ್ರ.

"ಮೂವತ್ತೊಂದು ವರ್ಷ ಹಿಂದಿನ ಬಾಗ್ಲಿಂದ ಬಂದೆ. ಆತ್ಮ ಅಂತ ಯಾರೂ ಹೇಳ್ಲಿಲ್ಲ. ಒಳಗೆ ಬನ್ನಿ ಮೇಡಂ, ಕೂತ್ಕೊಂಡು ಮಾತಾಡೋಣ."

"ಇಲ್ಲ, ನನಗೆ ಕೆಳಗೆ ಕೆಲಸ ಇದೆ."

"ಶುದ್ಧವಾಗಿದೆಯಲ್ಲ. ಮೂಗು ಯಾಕೆ ಮುಚ್ಕೊಂಡಿದೀರಿ?"

ಕರವಸ್ತ್ರ ಕೆಳಗೆ ಇಳಿಯಿತು. ಕೂಡಲೇ ಮತ್ತೆ ಮೇಲೇರಿತು.

"ನಾನು ಕಂಡದ್ದು ಏಳು ಜನ, ಒಂದು ಕ್ಯಾಮೆರಾ, ಒಂದು ಸಾಸಿನ ಕಲೆ. ಅದನ್ನ ಬರ್ಕೊಂಡು ಬನ್ನಿ. ಅದಕ್ಕೆ ಸಹಿ ಹಾಕ್ತೀನಿ. ಬೇರೆ ಯಾವುದಕ್ಕೂ ಹಾಕಲ್ಲ."

ಕ್ಯಾಂಡಿಸ್ ಹೋದಳು. ಹೋಗುವ ಮುಂಚೆ ಇನ್ನೊಬ್ಬರು ಆಗಲೇ ಸಹಿ ಹಾಕಿದ್ದಾರೆ, ನಿಮ್ಮದು ಇಲ್ಲದಿದ್ದರೂ ನಡೆಯುತ್ತದೆ ಎಂದಳು.

ಇನ್ನೊಬ್ಬರು ಯಾರೆಂದು ಕೇಳಬೇಕಾಗಿರಲಿಲ್ಲ. ಕಾರಿಡಾರಿನ ತುದಿಯಲ್ಲಿ ಲೂರ್ದೆಸ್ ಪರದೆಗಳ ರಾಶಿಯ ಮೇಲೆ ಕೂತಿದ್ದಳು. ಮೂರು ಸಲ ಕರೆಸಿದರು ಎಂದಳು. ಮೊದಲ ಸಲ ಕಾಫಿ ಕೊಟ್ಟರು. ಎರಡನೇ ಸಲ ನಿನ್ನ ಕಾಗದಪತ್ರ ಇನ್ನೊಮ್ಮೆ ಪರೀಕ್ಷೆ ಮಾಡಬೇಕಾದೀತು ಎಂದರು. ಮೂರನೇ ಸಲ ಪೆನ್ನು ಕೊಟ್ಟರು. ಅವಳ ಗಂಡನಿಗೆ ಆ ದೇಶದಲ್ಲಿರಲು ಬೇಕಾದ ಕಾಗದಪತ್ರ ಇಲ್ಲವೆಂದು ಅರ್ನೆಸ್ಟಿನ್‌ಗೆ ಗೊತ್ತಿತ್ತು.

"ಬೈದುಬಿಡಿ ಅಕ್ಕಾ. ಸುಮ್ಮನಿರ್ಬೇಡಿ."

ಅರ್ನೆಸ್ಟಿನ್ ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಕಾಗದಕ್ಕೆ ಕಾಗದ ಹಿಡಿದು ಗೆಲ್ಲುವುದಕ್ಕಾಗುವುದಿಲ್ಲ. ತಾನು ತಪ್ಪು ತೋರಿಸಿದಷ್ಟೂ ಅವರು ತಿದ್ದುತ್ತಾ ಹೋಗುತ್ತಾರೆ. ಟೈಪು ಮಾಡುವ ಯಂತ್ರ ಅವರದು. ತನಗೆ ಗೊತ್ತಿರುವುದು ಧೂಳು ಒಂದೇ.

"ನೀರಿನ ಸೀಸೆ ತಗೊಂಡು ಬಾ," ಎಂದಳು. "ಕಸದ ಪ್ಲಾಸ್ಟಿಕ್ ಚೀಲ ಎರಡು. ಒಂದು ದಿಂಬಿನ ಚೀಲ. ಒಗೆದದ್ದು."

1407ರಲ್ಲಿ ಮಂಚವಿರಲಿಲ್ಲ, ಕನ್ನಡಿ ಇರಲಿಲ್ಲ. ಚಾವಣಿ ಇತ್ತು. ಅರ್ನೆಸ್ಟಿನ್ ಮೂಗಿಗೆ ಒದ್ದೆ ಬಟ್ಟೆ ಬಿಗಿದುಕೊಂಡು ಡಬ್ಬದ ಮೇಲೆ ಹತ್ತಿದಳು. ಮೊಣಕಾಲು ಕಿರುಗುಟ್ಟಿತು. ಕನ್ನಡಿ ಒರೆಸುವ ಸೀಸೆಯಿಂದ ಚಾವಣಿಗೆ ನೀರು ಚಿಮುಕಿಸಿದಳು. ಹಾರಬಾರದು. ಒಣಗಿದ್ದನ್ನು ಯಾವತ್ತೂ ಕೆರೆಯಬಾರದು, ಇದು ರೂಮು ತೊಳೆಯುವವರಿಗೆ ಮೊದಲ ದಿನದ ಪಾಠ. ಗಾರೆ ಒದ್ದೆಯಾಗಿ ಮೆದುವಾಯಿತು. ನೆಲಹಾಸು ಕೀಳುವ ಪಟ್ಟಿಯಿಂದ ಕೆರೆದಳು. ತುತ್ತು ತುತ್ತಾಗಿ ಪ್ಲಾಸ್ಟಿಕ್ಕಿನೊಳಗೆ ಬಿತ್ತು. ಮಿನುಗುತ್ತಿತ್ತು. ಜನ್ಮವೆಲ್ಲ ಇದರ ಕೆಳಗೆ ಬಗ್ಗಿ ದುಡಿದಿದ್ದಳು, ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಬಾಗಿಲಲ್ಲಿ ಲೂರ್ದೆಸ್ ಕಾರಿಡಾರು ಕಾಯುತ್ತಿದ್ದಳು. ಒಂದು ಸಲ ಕೂಡ ಒಳಗೆ ತಿರುಗಿ ನೋಡಲಿಲ್ಲ.

ಚೀಲದ ಬಾಯಿ ಗಂಟು ಹಾಕಿ, ಅದನ್ನು ಇನ್ನೊಂದು ಚೀಲದೊಳಗಿಟ್ಟು ಮತ್ತೆ ಗಂಟು ಹಾಕಿ, ದಿಂಬಿನ ಚೀಲಕ್ಕೆ ತುಂಬಿದಳು. ನೀಲಿ ಒಂಟೆಯ ಕಸೂತಿಯಿದ್ದ ಚೀಲ. ಮೇಲೆ ದಪ್ಪ ಪೆನ್ನಿನಲ್ಲಿ ರೂಮಿನ ನಂಬರು ಬರೆದಳು.

ಅದನ್ನು ಮನೆಯೊಳಗೆ ತರಲಿಲ್ಲ. ಹಿತ್ತಲಿನಲ್ಲಿ, ತಗಡಿನ ಡಬ್ಬದಲ್ಲಿ ಮಂಗಳವಾರದವರೆಗೆ ಇಟ್ಟಳು. ವಿಲಾ ಡೀನ್ ಕಿಟಕಿಯಿಂದ ಆ ಡಬ್ಬವನ್ನೇ ನೋಡುತ್ತಿದ್ದಳು.

"ನಮ್ಮ ಅಮ್ಮನ್ನ ತಂದು ಹಿತ್ತಲಲ್ಲಿ ಕೂರಿಸಿದ ಹಾಗಿದೆ," ಎಂದಳು.

ಮಂಗಳವಾರ ಬೆಳಗ್ಗೆ ಹತ್ತಕ್ಕೆ ವಿಚಾರಣೆ. ಎತ್ತರದ ಮೇಜಿನ ಹಿಂದೆ ಮೂವರು ಅಧಿಕಾರಿಗಳು. ಎಡಗಡೆ ಕ್ಯಾಂಡಿಸ್, ಹಾಲ್ಟನ್, ಇಬ್ಬರು ವಕೀಲರು. ವೆಸ್ಟ್‌ಸೈಡಿನಿಂದ ಮೂವತ್ತು ಜನ ಬಂದಿದ್ದರು. ಪಾದ್ರಿ ಬಂದಿರಲಿಲ್ಲ. ಲೂರ್ದೆಸ್ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಕಂಪನಿಯವರು ಬರಲೇಬೇಕೆಂದು ಹೇಳಿದ್ದರು.

ಹಾಲ್ಟನ್ ಅರ್ಧ ಗಂಟೆ ಮಾತಾಡಿದ. ಪರದೆಯ ಮೇಲೆ ಬಿಳಿ ಅಂಗಿಯವರ ಫೋಟೋ ತೋರಿಸಿದ. ಕ್ಯಾಂಡಿಸ್ ಲೂರ್ದೆಸ್‌ಳ ಸಹಿಯಿದ್ದ ಕಾಗದ ಓದಿದಳು. ಆ ಹೆಸರನ್ನು ತಪ್ಪಾಗಿ ಓದಿದಳು. ಕಟ್ಟಡ ಶುದ್ಧವಾಗಿದೆ ಎಂಬುದು ಇಲಾಖೆಗೂ ಮನವರಿಕೆಯಾಗಿದೆ ಎಂದರು ನಡುವೆ ಕೂತಿದ್ದ ಅಧ್ಯಕ್ಷರು. ಸಾರ್ವಜನಿಕರಲ್ಲಿ ಯಾರಾದರೂ ಮಾತಾಡುವುದಿದ್ದರೆ ಒಬ್ಬೊಬ್ಬರಿಗೆ ಮೂರು ನಿಮಿಷ. ಹಸಿರು ದೀಪ ಹತ್ತಿದಾಗ ಶುರು, ಕೆಂಪು ಹತ್ತಿದಾಗ ನಿಲ್ಲಿಸಬೇಕು.

ಅರ್ನೆಸ್ಟಿನ್ ಎದ್ದಳು. ಭಾನುವಾರದ ಟೋಪಿ, ಬಿಳಿ ಕೈಗವಸು. ಕೈಯಲ್ಲಿ ದಿಂಬು ಹಿಡಿದ ಹಾಗೆ ಆ ಚೀಲ. ಮೈಕಿನ ಮುಂದೆ ನಿಲ್ಲಲಿಲ್ಲ. ಅದನ್ನು ದಾಟಿ ಹೋಗಿ ಹಾಲ್ಟನ್ ಕೂತಿದ್ದ ಮೇಜಿನ ಮೇಲೆ, ಅವನ ನೀರಿನ ಲೋಟದ ಪಕ್ಕ ಅದನ್ನಿಟ್ಟಳು. ಹಸಿರು ದೀಪ ಹತ್ತಿತು.

"ಇದು 1407ರ ಚಾವಣಿ. ಇವರ ವರದೀಲಿ ಈ ರೂಮು ಎರಡು ಸಲ ಶುದ್ಧ ಆಗಿದೆ. ಹೋದ ಗುರುವಾರ ನಾನೇ ಕೆರೆದದ್ದು. ಎಲ್ಲರೂ ನೋಡ್ಲಿ ಅಂತ ತಂದೆ."

ಕಸೂತಿಯ ಒಂಟೆಯ ಮೇಲೆ ಕೈಯಿಟ್ಟು ಚೀಲದ ಬಾಯಿಗೆ ಬೆರಳು ಹಾಕಿದಳು. ಅಷ್ಟೇ.

ಹಾಲ್ಟನ್‌ನ ಕುರ್ಚಿ ಹಿಂದಕ್ಕೆ ಉರುಳಿತು. ಅವನು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಟೈ ಎತ್ತಿ ಮೂಗಿಗೆ ಒತ್ತಿಕೊಂಡಿದ್ದ. ವಕೀಲರು ಅವನನ್ನು ನೋಡಿ, ಚೀಲವನ್ನು ನೋಡಿ, ಎದ್ದು ಬಾಗಿಲ ಕಡೆ ಸರಿದರು. ಕ್ಯಾಂಡಿಸ್ ಮೂಗಿಗೆ ಅದೇ ಕರವಸ್ತ್ರ ಬಂದಿತ್ತು.

"ಬಿಚ್ಚಬೇಡಿ," ಎಂದ ಹಾಲ್ಟನ್. "ಅದನ್ನ ಇಲ್ಲಿ ಬಿಚ್ಚಬಾರದು."

"ಯಾಕೆ ಸಾರ್?"

ಅವನ ಟೈ ಮೂಗಿನ ಮೇಲೇ ಇತ್ತು. ಅದೇ ತನ್ನ ಉತ್ತರವಾಯಿತೆಂದು ತಡವಾಗಿ ಅವನಿಗೇ ಹೊಳೆದಂತಿತ್ತು, ಯಾಕೆಂದರೆ ಕೈ ಕೆಳಗಿಳಿಸಲು ಹೋದ. ಆದರೆ ಕೈ ಇಳಿಯಲಿಲ್ಲ.

ಅರ್ನೆಸ್ಟಿನ್ ಗಂಟು ಬಿಚ್ಚಲಿಲ್ಲ. ಬಿಚ್ಚುವ ಮನಸ್ಸು ಅವಳಿಗೆ ಮೊದಲಿನಿಂದಲೂ ಇರಲಿಲ್ಲ. ಅಲ್ಲಿ ಕೂತಿದ್ದವರು ಅವಳ ಜನ.

"ಇದನ್ನೇ ನಾನು ದಿನಕ್ಕೆ ಅರವತ್ತು ಸಲ ಕೊಡವಿದ್ದು," ಎಂದಳು ಅಧ್ಯಕ್ಷರ ಕಡೆ ತಿರುಗಿ. "ನಮ್ಮಕ್ಕ ಒಗೆದದ್ದು. ನಮ್ಮಮ್ಮ ನುಂಗಿ ಸತ್ತದ್ದು. ಒಂದು ಹಿಡಿ ಕಂಡು ಇವರು ಗೋಡೆ ಹತ್ತಿದಾರೆ. ಹದಿನೇಳು ಮಹಡಿಯದ್ದನ್ನ ನಮ್ಮ ಮನೆ ಮೇಲೆ ಸುರೀತೀರಾ?"

ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಪಕ್ಕದವರು ಬಾಗಿಲ ಬಳಿಯ ಕಾವಲುಗಾರನಿಗೆ ಕೈಸನ್ನೆ ಮಾಡಿದರು. ವಿಚಾರಣೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಲಾಗಿದೆ ಎಂದರು. ಆ ವಸ್ತುವನ್ನು ಮೊದಲು ಅಲ್ಲಿಂದ ತೆಗೆಸಿ, ಕಸ ಗುಡಿಸುವವರನ್ನು ಕರೆಯಿರಿ ಎಂದರು.

ಪಕ್ಕದ ಬಾಗಿಲಿನಿಂದ ಗಾಡಿಯ ಚಕ್ರದ ಸದ್ದು ಬಂತು. ಆ ಸದ್ದು ಅರ್ನೆಸ್ಟಿನ್‌ಗೆ ನಿದ್ದೆಯಲ್ಲೂ ಗುರುತು ಸಿಗುವಂಥದ್ದು. ಗಾಡಿ ತಳ್ಳಿಕೊಂಡು ಬಂದವಳು ನಲವತ್ತರ ಹೆಂಗಸು. ಬೂದು ಬಣ್ಣದ ಸಮವಸ್ತ್ರ, ಬರಿಗೈ. ಮೂಗಿಗೆ ಏನೂ ಇಲ್ಲ. ಒಳಗೆ ಏನಾಗಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗೋಡೆಗಂಟಿ ನಿಂತವರನ್ನು ನೋಡಿದಳು, ಮೇಜಿನ ಮೇಲಿನ ಚೀಲ ನೋಡಿದಳು, ಅಭ್ಯಾಸದ ಬಲದಿಂದ ಕೈ ಚಾಚಿದಳು.

"ಮುಟ್ಟಬೇಡ ತಾಯಿ," ಎಂದಳು ಅರ್ನೆಸ್ಟಿನ್. "ಅದರ ಮೇಲೆ ಶುದ್ಧ ಅಂತ ಸಹಿ ಹಾಕಿದೋರು ಇಲ್ಲೇ ಇದಾರೆ. ಅವರೇ ಎತ್ತಲಿ."

ಚಾಚಿದ ಕೈ ನಿಂತಿತು.

ಕೆಂಪು ದೀಪ ಹತ್ತಿತು. ಯಾರೂ ಅದನ್ನು ನೋಡುತ್ತಿರಲಿಲ್ಲ. ಕಾವಲುಗಾರ ಆ ಹೆಂಗಸಿಗೆ ಬೇಗ ಮಾಡು ಎಂದ. ಅವಳು ಅವನ ಮುಖ ನೋಡಿದಳು, ಹಾಲ್ಟನ್‌ನ ಮೂಗಿನ ಮೇಲಿದ್ದ ಟೈ ನೋಡಿದಳು, ತನ್ನ ಬರಿಗೈ ನೋಡಿಕೊಂಡಳು. ಗಾಡಿಯನ್ನು ಅಲ್ಲೇ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಕೊನೆಯ ಸಾಲಿನಿಂದ ಲೂರ್ದೆಸ್ ಎದ್ದು ಬಂದಳು. ಉರುಳಿದ್ದ ಹಾಲ್ಟನ್‌ನ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಅರ್ನೆಸ್ಟಿನ್ ಮುಂದೆ ಸರಿಸಿದಳು. ಅರ್ನೆಸ್ಟಿನ್ ಕೂತಳು. ಕೈಗವಸನ್ನು ಬೆರಳು ಬೆರಳಾಗಿ ಬಿಗಿಮಾಡಿಕೊಂಡಳು. ಯಾರು ಎತ್ತುತ್ತಾರೋ ನೋಡೋಣ ಎಂದು ಚೀಲದ ಪಕ್ಕದಲ್ಲೇ ಕೂತಳು.